ಹ್ವನ್ನವೀಕಿನ ಸೊನ್ನೆ

ಹ್ವನ್ನವೀಕ್
ಫೆಬ್ರವರಿ 23, 2003

ಹೊಗ್ನಿ,

ಕ್ರಿಸ್ಮಸ್ಸಿಗೆ ನೀನು ಕಳಿಸಿದ ಕಾರ್ಡಿನಲ್ಲಿ ‘ಎಲ್ಲರಿಗೂ ಶುಭಾಶಯ’ ಎಂದಿತ್ತು. ಈ ಮನೆಯಲ್ಲಿರುವವರು ಇಬ್ಬರು. ಅದರಲ್ಲಿ ಒಬ್ಬನ ಹೆಸರು ಬರೆಯಲು ನಿನ್ನ ಪೆನ್ನಿನಲ್ಲಿ ಒಂಬತ್ತು ವರ್ಷದಿಂದ ಮಸಿ ಇಲ್ಲ. ಇರಲಿ ಬಿಡು. ಫೋನು ಮಾಡೋಣವೆಂದರೆ ನಾವಿಬ್ಬರೂ ಸ್ವಲ್ಪ ಹೊತ್ತು ಗಾಳಿ ಮಳೆಯ ಬಗ್ಗೆ ಮಾತಾಡಿ ಆಮೇಲೆ ಜಗಳ ತೆಗೆಯುತ್ತೇವೆ. ಅದಕ್ಕೇ ಈ ಕಾಗದ. ಕಾಗದದಲ್ಲಾದರೆ ನೀನು ಮಧ್ಯೆ ಬಾಯಿ ಹಾಕುವ ಹಾಗಿಲ್ಲ.

ಸುದ್ದಿ ಏನೆಂದರೆ ನಮ್ಮ ಫುಟ್‌ಬಾಲ್ ಕ್ಲಬ್ಬಿನ ಕಥೆ ಮುಗಿಯಿತು. ಶುಕ್ರವಾರದ ಸಭೆಯಲ್ಲಿ ಅದನ್ನು ಲಾಂಬಬೋದವರ ಕ್ಲಬ್ಬಿನ ಜೊತೆ ಸೇರಿಸುವುದೆಂದು ತೀರ್ಮಾನವಾಯಿತು. ಈ ವರ್ಷದ ಆಟ ನಮ್ಮ ಹೆಸರಿನಲ್ಲೇ. ಜನವರಿಯಿಂದ ಹೊಸ ಹೆಸರು, ಹೊಸ ಅಂಗಿ. ಹೌದು, ಲಾಂಬಬೋದವರೇ. ಅಪ್ಪ ಬದುಕಿದ್ದಾಗ ಆ ಊರಿನ ಆಲೂಗಡ್ಡೆ ಕೂಡ ಮನೆಯೊಳಗೆ ಬರುವ ಹಾಗಿರಲಿಲ್ಲ, ನೆನಪಿದೆಯಾ? ಈಗ ಅವರ ಜೊತೆ ಸಂಬಂಧ ಬೆಳೆಸುತ್ತಿದ್ದೇವೆ.

ಬೇರೆ ದಾರಿಯೂ ಇರಲಿಲ್ಲ. ಸಂಬಳದ ತಂಡ ಎನ್ನುವುದು ಹೆಸರಿಗೆ. ಸಂಬಳ ಇದ್ದದ್ದು ಸರ್ಬಿಯಾದಿಂದ ಬಂದ ಇಬ್ಬರಿಗೆ. ಅವರಲ್ಲಿ ಒಬ್ಬ ಕತ್ತಲೆ ತಡೆಯಲಾರದೆ ನವೆಂಬರಿನಲ್ಲೇ ಗಂಟುಮೂಟೆ ಕಟ್ಟಿದ. ಉಳಿದವರಲ್ಲಿ ನಾಲ್ವರು ಮೀನಿನ ಕಾರ್ಖಾನೆಯಲ್ಲಿ ನನ್ನ ಪಕ್ಕದಲ್ಲೇ ನಿಂತು ಮೀನು ಸೀಳುತ್ತಾರೆ. ಭಾನುವಾರ ಆಡಿ ಸೋಮವಾರ ಕುಂಟುತ್ತ ಬರುತ್ತಾರೆ, ಅವರ ಪಾಲಿನದ್ದನ್ನೂ ನಾನೇ ಸೀಳಬೇಕು. ಮಿಕ್ಕವರು ದೋಣಿಯ ಮೇಲೆ. ಪಂದ್ಯದ ದಿನ ಮೀನು ಸಿಕ್ಕರೆ ಅವರು ಬರುವುದಿಲ್ಲ, ಸಿಗದಿದ್ದರೆ ಮುಖ ಗಂಟಿಕ್ಕಿಕೊಂಡು ಬರುತ್ತಾರೆ.

ನನಗೆ ಆಶ್ಚರ್ಯವಾಗಿದ್ದು ಒಂದೇ. ಸೇರಿಸೋಣ ಎಂದು ಮೊದಲು ಕೈ ಎತ್ತಿದವನು ನಿನ್ನ ಭಾವ ಟ್ರೊಂಡುರ್. ಕೋಚ್ ಆದವನೇ. ಸನ್ನಾಜ್ಜಿ ಹಿಂದಿನ ಸಾಲಿನಿಂದ ಕೂಗಿದಳು: “ಏನೋ ಟ್ರೊಂಡುರ್, ಮಗೂನ ದತ್ತು ಕೊಡೋಕೆ ಇಷ್ಟು ಆತುರಾನಾ?” ಇವನು ತಿರುಗಿಯೂ ನೋಡದೆ, “ಮಗು ಅಲ್ಲ ಸನ್ನಾಜ್ಜಿ, ಮುದುಕಿ. ಸಾಯೋವಾಗ ಕಾಟ ಕೊಡ್ಬಾರ್ದು,” ಅಂದ. ಎಲ್ಲರೂ ನಕ್ಕರು. ಮನೆಗೆ ಬಂದ ಮೇಲೆ ಅವನು ಊಟ ಮಾಡಲಿಲ್ಲ.

ಹೋದ ವರ್ಷ ಕಪ್ಪಿನ ಫೈನಲಿನಲ್ಲಿ ನಾವು ಸೋತರೂ, ಗೆದ್ದವರಿಗೆ ಬೇರೆ ದಾರಿಯಲ್ಲಿ ಜಾಗ ಸಿಕ್ಕಿದ್ದರಿಂದ ಅವರ ಜಾಗ ನಮಗೆ ಬಂತು. ಹಾಗಾಗಿ ಈ ಬೇಸಿಗೆ ಯೂರೋಪಿನ ಕ್ಲಬ್ಬುಗಳ ಪಂದ್ಯಾವಳಿಗೆ ಮತ್ತೆ ನಮ್ಮ ತಂಡವೇ. ಇದೇ ಕೊನೆ. ಹೊಸ ಕ್ಲಬ್ಬಿಗೆ ಹಳೆಯ ಲೆಕ್ಕ ಬರುವುದಿಲ್ಲವಂತೆ. ನಮ್ಮದು ಎಲ್ಲಿ ನಿಂತಿದೆಯೋ ಅಲ್ಲಿಗೇ ಮುಚ್ಚುತ್ತಾರೆ. ಈಗ ನಿಂತಿರುವುದು ನಿನಗೂ ಗೊತ್ತು. ಯೂರೋಪಿನಲ್ಲಿ ಆಡಿದ್ದು ಆರು ಪಂದ್ಯ, ತಿಂದದ್ದು ಮೂವತ್ತಮೂರು ಗೋಲು, ಹೊಡೆದದ್ದು ಸೊನ್ನೆ.

ಬೇಸಿಗೆಯಲ್ಲಿ ಒಂದು ಸಲ ಬಂದು ಹೋಗು. ನಾನು ಒಂಬತ್ತು ವರ್ಷದಿಂದ ಎರಡು ದೋಣಿಯಲ್ಲಿ ಕಾಲಿಟ್ಟು ನಿಂತಿದ್ದೇನೆ. ಒಂದರಲ್ಲಿ ಗಂಡ, ಒಂದರಲ್ಲಿ ತಮ್ಮ. ಕಾಲು ಸೋತಿದೆ ಕಣೋ. ನೀವಿಬ್ಬರೂ ಒಂದು ಮೇಜಿಗೆ ಕೂತು ಉಪ್ಪು ಕೊಡು ಎಂದು ಕೇಳಿಕೊಂಡರೆ ಸಾಕು, ಬೇರೇನೂ ಬೇಡ.

ನಿನ್ನ ಅಕ್ಕ,
ಮಾರ್ಯುನ್

—

ಎಸ್ಬ್ಯೆರ್
ಮಾರ್ಚ್ 30, 2003

ಅಕ್ಕ,

ಕ್ಲಬ್ಬು ಹೋಗುತ್ತದೆ ಎಂದು ಓದಿದಾಗ ನನಗೆ ಹಾಲು ಕುಡಿದಷ್ಟು ಸಂತೋಷವಾಗಬೇಕಿತ್ತು. ಆಗಲಿಲ್ಲ. ಬಂದರಿನಲ್ಲಿ ಮೀನಿಡುವ ಮಂಜಿನ ಕೋಠಿಯಲ್ಲಿ ಆ ದಿನವೆಲ್ಲ ಪೆಟ್ಟಿಗೆಗಳನ್ನು ತಪ್ಪು ಸಾಲಿನಲ್ಲಿ ಪೇರಿಸಿಟ್ಟು ಬೈಸಿಕೊಂಡೆ. ಕಾರಣ ಗೊತ್ತಾಗಲು ವಾರ ಹಿಡಿಯಿತು. ಹೇಳುತ್ತೇನೆ ಕೇಳು. ಮಧ್ಯೆ ಬಾಯಿ ಹಾಕುವ ಹಾಗಿಲ್ಲ ಎಂದವಳು ನೀನೇ.

ತೊಂಬತ್ತನಾಲ್ಕರ ಆ ಯೂರೋಪಿನ ಪಂದ್ಯಕ್ಕೆ ನೀನು ಬಂದಿರಲಿಲ್ಲ. ಅಮ್ಮನ ಆಪರೇಷನ್ನಿಗೆಂದು ಟೋರ್ಸ್ಹಾವ್ನಿನ ಆಸ್ಪತ್ರೆಯಲ್ಲಿದ್ದೆ. ಊರಿನವರ ಬಾಯಿಂದ ಕೇಳಿದ್ದೀಯ, ನನ್ನ ಬಾಯಿಂದ ಕೇಳಿಲ್ಲ. ನೀನು ಕೇಳಲಿಲ್ಲ, ನಾನು ಹೇಳಲಿಲ್ಲ.

ಬೆಟ್ಟದ ಮೇಲಿನ ಆ ಹುಲ್ಲಿನ ಮೈದಾನ. ಮೂರು ಗೋಲು ಹಿಂದಿದ್ದೆವು. ಕೊನೆಯ ಹೊತ್ತಿಗೆ ನಮಗೊಂದು ಪೆನಾಲ್ಟಿ ಸಿಕ್ಕಿತು. ಹೊಡೆಯುವವನು ಭಾವ, ನಾಯಕ ಅವನೇ. ಅವನು ಚೆಂಡನ್ನು ಚುಕ್ಕೆಯ ಮೇಲಿಟ್ಟು ಹಿಂದೆ ಸರಿದರೆ ಗಾಳಿ ಅದನ್ನು ಉರುಳಿಸುತ್ತದೆ. ಮತ್ತೆ ಇಟ್ಟ, ಮತ್ತೆ ಉರುಳಿತು. ಅವನು ನನ್ನ ಕಡೆ ನೋಡಿ, ಬಂದು ಹಿಡಿ ಎಂದು ಗದ್ದ ಆಡಿಸಿದ. ನಾನು ಹೋಗಿ ಮಲಗಿದೆ. ಹೊಟ್ಟೆಯ ಮೇಲೆ ಮಲಗಿ ಒಂದು ಬೆರಳಿನಿಂದ ಚೆಂಡನ್ನು ಒತ್ತಿ ಹಿಡಿದೆ. ನಮ್ಮ ದ್ವೀಪಗಳಲ್ಲಿ ಗಾಳಿಯಿದ್ದರೆ ಎಲ್ಲರೂ ಮಾಡುವುದು ಅದನ್ನೇ, ನಮ್ಮ ರೆಫ್ರಿಗಳು ಬೇಡ ಎನ್ನುವುದಿಲ್ಲ. ನಾವಿಬ್ಬರು ಚಿಕ್ಕ ಹುಡುಗರಾಗಿದ್ದಾಗಿನಿಂದ ಅವನು ಹೊಡೆಯುವವನು, ನಾನು ಹಿಡಿಯುವವನು. ಯೂರೋಪಿನ ಪಂದ್ಯದಲ್ಲಿ ಹಾಗೆ ಹಿಡಿಯಬಾರದೆಂದು ನಮ್ಮಿಬ್ಬರ ತಲೆಗೂ ಹೊಳೆಯಲಿಲ್ಲ.

ರೆಫ್ರಿ ದೂರದಿಂದ ಏನೋ ಕೂಗುತ್ತಿದ್ದ. ಗಾಳಿಯಲ್ಲಿ ಕೇಳಲಿಲ್ಲ. ಭಾವ ಹೊಡೆದ. ಗೋಲಾಯಿತು. ಊರೆಲ್ಲ ಕಿರುಚಿತು. ಸೀಟಿ ಊದುತ್ತ ಬಂದ ರೆಫ್ರಿ ನನಗೆ ಹಳದಿ ಕಾರ್ಡು ತೋರಿಸಿದ. ನನಗೆ ಅದು ಎರಡನೆಯದು, ಹೊರಗೆ ಹೋಗಬೇಕು. ಗೋಲು ಲೆಕ್ಕಕ್ಕಿಲ್ಲ, ಇನ್ನೊಮ್ಮೆ ಹೊಡಿ ಎಂದ. ನಾನು ಗೆರೆಯಾಚೆ ನಿಂತು ನೋಡಿದೆ. ಹಿಡಿಯುವವರಿಲ್ಲ, ಚೆಂಡು ಅಲ್ಲಾಡುತ್ತಿದೆ, ಭಾವ ಅವಸರದಲ್ಲಿ ಓಡಿಬಂದು ಅದನ್ನು ಆಕಾಶಕ್ಕೆ ಹೊಡೆದ.

ಆಕಾಶಕ್ಕೆ ಹೊಡೆದವನನ್ನು ಯಾರೂ ಏನೂ ಅನ್ನಲಿಲ್ಲ. ಮಲಗಿದವನಿಗೆ ‘ಬೆರಳು’ ಎಂದು ಹೆಸರಿಟ್ಟರು. ನಾನು ಅಂಗಡಿಗೆ ಹೋದರೆ ಮಕ್ಕಳು ರಸ್ತೆಯಲ್ಲಿ ಹೊಟ್ಟೆಯ ಮೇಲೆ ಮಲಗಿ ಬೆರಳು ಚಾಚುತ್ತಿದ್ದವು. ದೋಣಿಯಲ್ಲಿ ಹಗ್ಗ ಹಿಡಿದರೆ, “ಒಂದೇ ಬೆರಳು ಸಾಕಲ್ವೇನೋ?” ಎನ್ನುತ್ತಿದ್ದರು. ಅದನ್ನೂ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆ. ಒಂದು ದಿನ ಅಂಗಡಿಯಲ್ಲಿ ಆರೇಳು ಜನರೆದುರು ಹೀಗೇ ನಡೆದಾಗ ಭಾವ ಅಲ್ಲೇ ನಿಂತಿದ್ದ. “ನಾನೇ ಕರೆದೆ” ಎನ್ನುವ ಒಂದು ಮಾತು ಅವನ ಬಾಯಿಂದ ಬರಲೆಂದು ನೋಡಿದೆ. ಅವನು ಬೆಂಕಿಪೊಟ್ಟಣ ತೆಗೆದುಕೊಂಡು ಹೊರಗೆ ಹೋದ. ಆ ತಿಂಗಳೇ ನಾನು ಡೆನ್ಮಾರ್ಕಿನ ಹಡಗು ಹತ್ತಿದೆ.

ಆ ಮಾತನ್ನು ಅವನು ಹೇಳಬೇಕಾದದ್ದು ಹ್ವನ್ನವೀಕಿನ ಕ್ಲಬ್ಬಿನವರ ಎದುರಿಗೆ. ಜನವರಿಯಾದ ಮೇಲೆ ಆ ಕ್ಲಬ್ಬೇ ಇರುವುದಿಲ್ಲ. ಇನ್ನು ಯಾರೆದುರಿಗೆ ಹೇಳುತ್ತಾನೆ? ನನಗೆ ಸಂತೋಷವಾಗದಿದ್ದದ್ದು ಅದಕ್ಕೆ. ನಾನು ಬರುವುದಿಲ್ಲ.

ಹೊಗ್ನಿ

—

ಹ್ವನ್ನವೀಕ್
ಜೂನ್ 22, 2003

ತಮ್ಮಾ,

ಉತ್ತರ ತಡವಾಯಿತು. ಮೂರು ಸಲ ಬರೆದು ಮೂರು ಸಲ ಒಲೆಗೆ ಹಾಕಿದೆ.

ನಿನ್ನ ಕಾಗದವನ್ನು ಟ್ರೊಂಡುರನಿಗೆ ಓದಿ ಹೇಳಿದೆ. ಬೈಯಬೇಡ, ಬೈದರೂ ಕೇಳಿಸುವಷ್ಟು ಹತ್ತಿರ ನೀನಿಲ್ಲ. ಅವನು ಒಣಗಿದ ಕುರಿಮಾಂಸ ಕೊಯ್ಯುತ್ತ ಕೂತಿದ್ದ. ಪೂರ್ತಿ ಕೇಳಿ, “ಹೌದು, ಹಾಗೇ ಆಗಿದ್ದು,” ಅಂದ. ಮತ್ತೆ ಕೊಯ್ಯತೊಡಗಿದ.

ನಾನು ಬಿಡಲಿಲ್ಲ. “ಹಾಗೇ ಆಗಿದ್ದು ಅಂತ ಹೊರಗೆ ಹೇಳೋಕೆ ನಿಂಗೇನು ಕಷ್ಟ?”

“ಯಾರಿಗೆ ಹೇಳ್ಲಿ? ಈಗ ಯಾರು ಕೇಳ್ತಿದಾರೆ?”

“ಕೇಳ್ತಿರೋನು ಒಬ್ಬ ಇದಾನಲ್ಲ.”

“ಅವ್ನಿಗೆ ಗೊತ್ತಿರೋದನ್ನೇ ಅವ್ನಿಗೆ ಏನು ಹೇಳೋದು ಮಾರ್ಯುನ್?”

ಹೀಗೆ. ಇಪ್ಪತ್ತು ವರ್ಷ ಸಂಸಾರ ಮಾಡಿದ್ದೇನೆ, ಈ ಮನುಷ್ಯನ ಬಾಯಿಂದ ಒಂದು ಮಾತು ಹೊರಡಿಸುವುದೆಂದರೆ ಕಲ್ಲಿನಿಂದ ನಾರು ತೆಗೆದ ಹಾಗೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡದೆಯೂ ಎಷ್ಟು ಹೋಗುತ್ತದೆ ಎಂದು ನಮ್ಮ ಮನೆಗೆ ಬಂದು ನೋಡಬೇಕು. ಅವನು ಕೆಟ್ಟವನಲ್ಲ ಎಂದು ನಿನಗೂ ಗೊತ್ತು. ಮೊದಲು ನಾಚಿಕೆಯಾಗಿ ಸುಮ್ಮನಿದ್ದ. ಆಮೇಲೆ ಇಷ್ಟು ದಿನ ಸುಮ್ಮನಿದ್ದೆನಲ್ಲ ಎನ್ನುವ ನಾಚಿಕೆಗೆ ಸುಮ್ಮನಿದ್ದಾನೆ.

ಈಗ ಕೇಳು. ಯೂರೋಪಿನ ಚೀಟಿ ಎತ್ತಿದರು. ನಮಗೆ ಬಿದ್ದಿರುವುದು ಡೆನ್ಮಾರ್ಕಿನ ತಂಡ. ಮೊದಲನೆಯದು ಇಲ್ಲಿ, ಎರಡನೆಯದು ಅವರ ಊರಿನಲ್ಲಿ, ಆಗಸ್ಟ್ ಇಪ್ಪತ್ತೆಂಟಕ್ಕೆ. ಭೂಪಟ ತೆಗೆದು ನೋಡಿದೆ. ನಿನ್ನ ಮನೆಯಿಂದ ರೈಲಿನಲ್ಲಿ ಒಂದು ಗಂಟೆ. ನೀನು ಊರಿಗೆ ಬರಲಿಲ್ಲ, ಊರೇ ಎದ್ದು ನಿನ್ನ ಹತ್ತಿರ ಬರುತ್ತಿದೆ. ಇನ್ನೇನು ನೆಪ ಹೇಳುತ್ತೀಯ, ರೈಲಿನಲ್ಲಿ ಜಾಗವಿಲ್ಲ ಎನ್ನುತ್ತೀಯಾ?

ಮೂವತ್ತು ಜನ ಹೊರಟಿದ್ದಾರೆ. ನಾನು ಬರುವುದಿಲ್ಲ. ನಾನು ಮಧ್ಯದಲ್ಲಿ ನಿಂತರೆ ನೀವಿಬ್ಬರೂ ನನ್ನ ಜೊತೆಯೇ ಮಾತಾಡುತ್ತೀರಿ, ಅವನು ಒಂದು ಕಿವಿಗೆ, ನೀನು ಒಂದು ಕಿವಿಗೆ. ಈ ಸಲ ನಾನು ರೇಡಿಯೋ ಕೇಳುತ್ತ ಮನೆಯಲ್ಲಿರುತ್ತೇನೆ.

ನಿನ್ನ ಅಕ್ಕ,
ಮಾರ್ಯುನ್

—

ಎಸ್ಬ್ಯೆರ್
ಜುಲೈ 13, 2003

ಅಕ್ಕ,

ಅವನಿಗೆ ಓದಿ ಹೇಳುತ್ತೀಯ ಎಂದು ಗೊತ್ತಿದ್ದರೆ ಇನ್ನೂ ಚೆನ್ನಾಗಿ ಬರೆಯುತ್ತಿದ್ದೆ. ಅಥವಾ ಬರೆಯುತ್ತಲೇ ಇರಲಿಲ್ಲ.

ಆವತ್ತು ನನಗೆ ಕೆಲಸವಿದೆ. ಅಲ್ಲದೆ ಮೂವತ್ತು ಜನರ ನಡುವೆ ಕೂತು, ಬೆರಳು ಬಂದ ನೋಡು ಎನ್ನಿಸಿಕೊಳ್ಳಲು ನನಗೆ ಈಗ ಶಕ್ತಿಯಿಲ್ಲ. ಇಲ್ಲಿ ನನ್ನನ್ನು ಹೊಗ್ನಿ ಎನ್ನುತ್ತಾರೆ. ಸರಿಯಾಗಿ ಉಚ್ಚರಿಸುವುದಿಲ್ಲ, ಆದರೂ ಅದನ್ನೇ ಹೇಳಲು ಪ್ರಯತ್ನಪಡುತ್ತಾರೆ. ಬೆಳಗ್ಗೆ ಹೋಗುತ್ತೇನೆ, ಸಂಜೆ ಬರುತ್ತೇನೆ, ಆಲೂಗಡ್ಡೆ ಬೇಯಿಸಿಕೊಳ್ಳುತ್ತೇನೆ, ಮಲಗುತ್ತೇನೆ. ಬದುಕು ಅಂದರೆ ಇಷ್ಟೇ ಎಂದು ಒಪ್ಪಿಕೊಂಡ ಮೇಲೆ ಅಷ್ಟೇನೂ ಕಷ್ಟವಿಲ್ಲ. ನೀನು ಪದೇಪದೇ ಕಲಕುತ್ತೀಯ.

ಕುರಿಮಾಂಸದ ಹೆಸರು ಯಾಕೆ ಎತ್ತಿದೆ? ಆ ವಾಸನೆ ನೆನಪಾಗಿ ಇಡೀ ಸಂಜೆ ಏನೂ ಸೇರಲಿಲ್ಲ.

ಹೊಗ್ನಿ

—

ಹ್ವನ್ನವೀಕ್
ಆಗಸ್ಟ್ 17, 2003

ಹೊಗ್ನಿ,

ಇಲ್ಲಿನ ಪಂದ್ಯ ಮುಗಿಯಿತು. ಸೊನ್ನೆ, ನಾಲ್ಕು. ಜನ ಬೈಯಲೂ ಇಲ್ಲ. ಕೊನೆಯ ಸೀಟಿ ಆದಾಗ ಎಲ್ಲರೂ ಚಪ್ಪಾಳೆ ತಟ್ಟಿದರು, ಬಹಳ ದಿನ ನರಳಿದವರನ್ನು ಮಣ್ಣು ಮಾಡಿ ಬಂದ ಮೇಲೆ ಕಾಫಿ ಕುಡಿಯುವವರ ಮುಖವಿರುತ್ತದಲ್ಲ, ಅಂಥ ಮುಖದಲ್ಲಿ. ಆಟಗಾರರು ಸಾಲದೆ ಲಾಂಬಬೋದಿಂದ ಒಬ್ಬನನ್ನು ಈಗಲೇ ಎರವಲು ತಂದಿದ್ದಾರೆ. ಸೀಮುನ್ ಎಂದು, ಅಲ್ಲಿನ ಶಾಲೆಯ ಮೇಷ್ಟ್ರು. ನಮ್ಮ ಹಸಿರು ಅಂಗಿ ಅವನಿಗೆ ಬಿಗಿ.

ಟ್ರೊಂಡುರ್ ಅಂಗಿಗಳನ್ನು ತಾನೇ ಮಡಿಸಿ ಚೀಲಕ್ಕೆ ತುಂಬುತ್ತಿದ್ದಾನೆ. ಎಂದೂ ಮಾಡದ ಕೆಲಸ. ನಡುವೆ ಎದ್ದು ಬಂದು, “ಎಸ್ಬ್ಯೆರ್‌ನಿಂದ ಅಲ್ಲಿಗೆ ಟ್ರೈನ್ ಇದ್ಯಾ?” ಎಂದು ಕೇಳಿದ. ಇದೆ ಅಂದೆ. “ಹೂಂ,” ಎಂದು ಮತ್ತೆ ಮಡಿಸಲು ಹೋದ.

ಇಷ್ಟೇ ಸುದ್ದಿ. ನಾನು ಹೇಳಬೇಕಾದ್ದನ್ನೆಲ್ಲ ಹೇಳಿಯಾಗಿದೆ. ಇನ್ನು ನೀನುಂಟು, ನಿನ್ನ ಭಾವನುಂಟು. ಸನ್ನಾಜ್ಜಿಯ ಕೈಯಲ್ಲಿ ನಿನಗೊಂದು ಪೊಟ್ಟಣ ಕಳಿಸುತ್ತಿದ್ದೇನೆ. ನೀನು ಹೋಗದಿದ್ದರೆ ಅವಳೇ ತಿನ್ನುತ್ತಾಳೆ.

ಮಾರ್ಯುನ್

—

ಎಸ್ಬ್ಯೆರ್
ಆಗಸ್ಟ್ 30, 2003

ಅಕ್ಕ,

ಹೋಗಿದ್ದೆ.

ರೇಡಿಯೋದಲ್ಲಿ ಏನು ಹೇಳಿದರೋ ಗೊತ್ತಿಲ್ಲ. ನಾನು ನಮ್ಮವರ ಕಡೆ ಕೂರದೆ ಎದುರು ಬದಿಯಲ್ಲಿ ಡೆನ್ಮಾರ್ಕಿನವರ ನಡುವೆ ಕೂತೆ. ಅಂಥ ಮೈದಾನವನ್ನು ನೀನು ನೋಡಿರಲಾರೆ. ಸುತ್ತ ಗೋಡೆಯಂಥ ಮೆಟ್ಟಿಲು, ಒಂದು ಎಳೆ ಗಾಳಿಯಿಲ್ಲ. ಅದೇ ನಮ್ಮವರಿಗೆ ಕಷ್ಟವಾಯಿತು. ಹುಟ್ಟಿದಾಗಿನಿಂದ ಗಾಳಿ ತಳ್ಳುತ್ತದೆಂದು ಇಷ್ಟು ಬಿಟ್ಟು ಹೊಡೆದು ಅಭ್ಯಾಸವಲ್ಲವಾ? ಇಲ್ಲಿಯೂ ಹಾಗೇ ಓರೆಯಾಗಿ ಹೊಡೆಯುವರು, ಚೆಂಡು ಓರೆಯಾಗಿಯೇ ಹೋಗಿ ಹೊರಗೆ ಬೀಳುವುದು. ನನ್ನ ಪಕ್ಕದಲ್ಲಿದ್ದವನು ನಗುತ್ತಿದ್ದ. ಅವನಿಗೆ ಗಾಳಿಯ ವಿಷಯ ಹೇಳೋಣ ಎನ್ನಿಸಿತು, ಹೇಳಲಿಲ್ಲ.

ಐದು ಗೋಲು ತಿಂದ ಮೇಲೆ ಒಂದು ಕಾರ್ನರ್ ಸಿಕ್ಕಿತು. ಚೆಂಡು ಬಂತು, ಗುಂಪಿನಲ್ಲಿ ಯಾರೋ ಬಿದ್ದರು, ಯಾರದೋ ಮೊಣಕಾಲಿಗೆ ತಾಗಿ ಒಳಗೆ ಹೋಯಿತು. ಆ ಮೊಣಕಾಲು ನಿನ್ನ ಮೇಷ್ಟ್ರದು. ಸೀಮುನ್.

ಆಗ ನಡೆದದ್ದನ್ನು ರೇಡಿಯೋದವರು ಹೇಳಿರಲಾರರು. ನಮ್ಮ ಮೂವತ್ತು ಜನರಲ್ಲಿ ಒಬ್ಬರೂ ಕಿರುಚಲಿಲ್ಲ. ಬಲೆಯೊಳಗೆ ಚೆಂಡು ಕಾಣುತ್ತಿದೆ, ಇವರೆಲ್ಲ ನೋಡುತ್ತಿರುವುದು ರೆಫ್ರಿಯನ್ನು. ಆಟಗಾರರೂ ಅವನನ್ನೇ ನೋಡುತ್ತಿದ್ದಾರೆ. ಭಾವನೂ. ನಾನೂ. ರೆಫ್ರಿ ಗೋಲು ಒಪ್ಪಿ ಮೈದಾನದ ನಡುಮಧ್ಯಕ್ಕೆ ಕೈ ತೋರಿಸಿ ನಡೆದ ಮೇಲೆ ಕೂಗು ಎದ್ದಿತು. ಸನ್ನಾಜ್ಜಿಯ ಗಂಟಲು ಎದುರು ಬದಿಯವರೆಗೂ ಕೇಳಿತು: “ಲಾಂಬಬೋದೋನಾದ್ರೆ ಏನಂತೆ, ಹಾಕ್ಕೊಂಡಿರೋದು ನಮ್ಮ ಅಂಗಿ!”

ಎಂದಾದರೂ ಒಂದು ಗೋಲಾದರೆ ನಾನು ಅತ್ತುಬಿಡುತ್ತೇನೆ ಎಂದುಕೊಂಡಿದ್ದೆ. ಅಳು ಬರಲಿಲ್ಲ. ಎದ್ದೂ ನಿಲ್ಲಲಿಲ್ಲ. ಇಷ್ಟೇನಾ ಅನ್ನಿಸಿತು. ಒಬ್ಬ ಮೇಷ್ಟ್ರ ಮೊಣಕಾಲಿಗೆ ಚೆಂಡು ತಾಗುವುದಕ್ಕಾಗಿ ನಾನು ಒಂಬತ್ತು ವರ್ಷ ಮಂಜಿನ ಕೋಠಿಯಲ್ಲಿ ನಿಂತೆನಾ?

ಮುಗಿದ ಮೇಲೆ ಸೀದಾ ರೈಲಿಗೆ ಹೋಗಬೇಕಿತ್ತು. ಪೊಟ್ಟಣದ ಆಸೆ ಎಂದುಕೋ, ಅವರ ಬಸ್ಸಿನ ಹತ್ತಿರ ಹೋದೆ. “ಬೆರಳು ಬಂದ! ಅಯ್ಯೋ, ನಮ್ಮ ಬೆರಳು!” ಎಂದು ಎಲ್ಲರೂ ತಬ್ಬಿಕೊಂಡರು. ಪ್ರೀತಿಯಿಂದಲೇ. ಅಕ್ಕ, ಅವರು ಪ್ರೀತಿಯಿಂದ ಕರೆದದ್ದು ಹಿಂದಿನದಕ್ಕಿಂತ ಹೆಚ್ಚು ಚುಚ್ಚಿತು. ಸನ್ನಾಜ್ಜಿ ಪೊಟ್ಟಣ ಕೊಟ್ಟು ನನ್ನ ಕೆನ್ನೆ ಹಿಂಡಿದಳು. ಒಂದು ತುಂಡು ಕಡಿಮೆ ಇದೆ, ಅವಳೇ ಒಪ್ಪಿಕೊಂಡಳು.

ಆಮೇಲೆ ಭಾವ ಹೊರಗೆ ಬಂದ, ಹೆಗಲ ಮೇಲೆ ಚೆಂಡಿನ ಚೀಲ. ಕೂದಲು ಪೂರ್ತಿ ಬೆಳ್ಳಗಾಗಿದೆ. ನೀನು ಬರೆದಿರಲಿಲ್ಲ.

“ಬಂದ್ಯಾ.”

“ಬಂದೆ ಭಾವ.”

“ಟ್ರೈನಲ್ಲಾ?”

“ಹೂಂ.”

“ಗೋಲಾಯ್ತು.”

“ನೋಡ್ದೆ.”

ಬಸ್ಸಿನ ಬಾಗಿಲಲ್ಲಿದ್ದವರೆಲ್ಲ ನಮ್ಮ ಕಡೆ ತಿರುಗಿದರು. ಎಲ್ಲರೂ ಇದ್ದರು ಅಕ್ಕ. ಅಂಗಡಿಯಲ್ಲಿ ನಿಂತಿದ್ದವರೂ ಇದ್ದರು. ಭಾವ ಚೀಲ ಕೆಳಗಿಟ್ಟು ಮುಖ ಒರೆಸಿಕೊಂಡ. ಬಾಯಿ ತೆರೆದ. ನಾನು ಕಾದೆ.

“ಹೊರಡ್ಬೇಕು ಕಣೋ,” ಅಂದ. “ವಿಮಾನಕ್ಕೆ ಹೊತ್ತಾಗತ್ತೆ.”

ಚೀಲ ಎತ್ತಿಕೊಂಡು ಹತ್ತಿದ. ಬಸ್ಸು ಹೋಯಿತು. ನಾನು ಪೊಟ್ಟಣ ಹಿಡಿದುಕೊಂಡು ನಿಂತಿದ್ದೆ.

ನಿನ್ನ ಮೇಲೆ ಸಿಟ್ಟಿಲ್ಲ. ಯಾರ ಮೇಲೂ ಇಲ್ಲ, ಸಿಟ್ಟು ಮಾಡಿಕೊಳ್ಳಲು ತ್ರಾಣ ಬೇಕು. ಇನ್ನು ಕರೆಯಬೇಡ. ಮಾಂಸ ಚೆನ್ನಾಗಿದೆ.

ಹೊಗ್ನಿ

—

ಹ್ವನ್ನವೀಕ್
ಅಕ್ಟೋಬರ್ 19, 2003

ಹೊಗ್ನಿ,

ನಾನು ಟ್ರೊಂಡುರ್. ಅಕ್ಷರ ನೋಡಿಯೇ ಗೊತ್ತಾಗಿರುತ್ತದೆ. ನಾನು ಕಾಗದ ಬರೆಯುವವನಲ್ಲ, ತಪ್ಪಿದ್ದರೆ ಹೊಂದಿಸಿಕೊಂಡು ಓದು.

ನಿನ್ನ ಹಿಂದಿನ ಕಾಗದವನ್ನು ಮಾರ್ಯುನ್ ನನಗೆ ಓದಿ ಹೇಳಲಿಲ್ಲ. ನನ್ನ ತಟ್ಟೆಯ ಪಕ್ಕದಲ್ಲಿಟ್ಟು ಕೆಲಸಕ್ಕೆ ಹೋದಳು. ಆವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಳು. ಊಟ ಹಾಕುತ್ತಾಳೆ, ಬಟ್ಟೆ ಒಗೆಯುತ್ತಾಳೆ, ಬಾಯಿ ಮಾತ್ರ ತೆರೆಯುವುದಿಲ್ಲ. ಹೆಚ್ಚು ಮಾತಾಡುವ ಹೆಂಗಸು ಸುಮ್ಮನಾದರೆ ಹಾಯಾಗಿರುತ್ತದೆ ಎಂದು ಮೊದಲ ವಾರ ಅಂದುಕೊಂಡೆ. ಎರಡನೆಯ ವಾರಕ್ಕೆ ಮನೆಗೆ ಬರಲು ಹೆದರಿಕೆಯಾಗತೊಡಗಿತು. ದೋಣಿಯ ಮನೆಯಲ್ಲಿ ಕೂತು ಹೊತ್ತು ಕಳೆಯುತ್ತಿದ್ದೆ. ಪಕ್ಕದಲ್ಲೇ ಇರುವವರು ಒಂದು ಮಾತು ಆಡದಿದ್ದರೆ ಹೇಗಿರುತ್ತದೆ ಎಂದು ಈ ವಯಸ್ಸಿನಲ್ಲಿ ಕಲಿತೆ. ನೀನು ಎಷ್ಟು ದಿನ ಇದನ್ನು ತಡೆದುಕೊಂಡೆ ಎಂದು ಯೋಚಿಸಿದೆ.

ನಿನ್ನೆ ಕ್ಲಬ್ಬಿನ ಕೊನೆಯ ಕಾಫಿ. ಎಲ್ಲರೂ ಬಂದಿದ್ದರು, ಮುದುಕರನ್ನು ಕೂಡ ಹೊತ್ತು ತಂದಿದ್ದರು. ಯೂರೋಪಿನಲ್ಲಿ ಎದುರಾಳಿಗಳು ಕೊಟ್ಟ ಬಾವುಟಗಳನ್ನು ಗೋಡೆಯಿಂದ ಇಳಿಸಿ ಪೆಟ್ಟಿಗೆಗೆ ಹಾಕಿದೆವು. ಅಧ್ಯಕ್ಷ ಲೆಕ್ಕ ಓದಿದ. ಯೂರೋಪಿನಲ್ಲಿ ಎಂಟು ಪಂದ್ಯ, ತಿಂದದ್ದು ನಲವತ್ತೆರಡು, ಹೊಡೆದದ್ದು ಒಂದು. ಆ ಒಂದಕ್ಕೆ ಎಲ್ಲರೂ ಮೇಜು ಬಡಿದರು. ಮೇಷ್ಟ್ರು ಎದ್ದು ಬಗ್ಗಿ ನಮಸ್ಕಾರ ಮಾಡಿದ. ಆಮೇಲೆ, ಯಾರಾದರೂ ಮಾತಾಡುವುದಿದೆಯಾ ಎಂದರು.

ನಾನು ಎದ್ದೆ. ಕಾಫಿಯ ಬಟ್ಟಲು ಪಕ್ಕಕ್ಕೆ ಸರಿಸಿದೆ. ಹೇಳಿದೆ: “ತೊಂಬತ್ತನಾಲ್ಕರಲ್ಲಿ ಹೊಗ್ನಿ ತಾನಾಗೇ ಹೋಗಿ ಮಲಗ್ಲಿಲ್ಲ. ನಾನು ಕರೆದೆ. ರೆಫ್ರಿ ಕೂಗೋದು ನಾನು ನೋಡ್ದೆ, ಅವ್ನಿಗೆ ಕಾಣ್ತಿರ್ಲಿಲ್ಲ, ಅವ್ನ ಮುಖ ನೆಲಕ್ಕಿತ್ತು. ಏಳೋ ಅನ್ಬಹುದಿತ್ತು, ಅನ್ಲಿಲ್ಲ. ಎರಡ್ನೇ ಸಲ ಆಕಾಶಕ್ಕೆ ಹೊಡೆದೋನೂ ನಾನೇ. ನೀವು ಅವ್ನನ್ನ ಬೆರಳು ಅಂದಾಗೆಲ್ಲ ನಾನು ಅಲ್ಲೇ ಇದ್ದೆ, ಬಾಯಿ ಬಿಡ್ಲಿಲ್ಲ.”

ನನ್ನನ್ನು ಬೈಯುತ್ತಾರೆ, ಹೊರಗೆ ಹೋಗು ಎನ್ನುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

ಸನ್ನಾಜ್ಜಿ ಕೇಕ್ ಕತ್ತರಿಸುತ್ತಿದ್ದವಳು ತಲೆ ಎತ್ತಿ, “ಕೂತ್ಕೋ ಟ್ರೊಂಡುರ್, ಕಾಫಿ ಆರೋಗತ್ತೆ,” ಅಂದಳು. “ಅದು ನಮ್ಗೆ ಗೊತ್ತಿಲ್ವಾ? ಕಣ್ಣು ಕುರುಡಾಗಿತ್ತಾ? ನೀನು ಗದ್ದ ಆಡಿಸಿದ್ದನ್ನ ಇಡೀ ಊರೇ ನೋಡಿದೆ.”

“ಮತ್ಯಾಕೆ ಅವ್ನನ್ನ ಅಂದ್ರಿ?”

“ನೀನು ನಾಯಕ. ಮುಂದಿನ ಭಾನುವಾರ ನೀನೇ ಆಡಿಸ್ಬೇಕು, ನಿನ್ನ ಅಂದ್ರೆ ಆಗತ್ತಾ? ಮಲಗಿರೋನನ್ನ ಅನ್ನೋದು ಸುಲಭ. ಆಮೇಲೆ ಅವ್ನು ಹೋದ. ಹೋದೋನನ್ನ ಅನ್ನೋದು ಇನ್ನೂ ಸುಲಭ, ಬೆಳಗ್ಗೆ ಎದ್ದು ಅವ್ನ ಮುಖ ನೋಡ್ಬೇಕಾಗಿಲ್ಲ.”

ಇಷ್ಟು ಹೇಳಿ ನನ್ನ ತಟ್ಟೆಗೆ ಕೇಕ್ ಹಾಕಿದಳು. ಕೆಲವರು ನೆಲ ನೋಡುತ್ತಿದ್ದರು. ಅಧ್ಯಕ್ಷ ಕೆಮ್ಮಿ, ಕೀಲಿಕೈ ಯಾರ ಹತ್ತಿರ ಇರಬೇಕು ಎನ್ನುವ ವಿಷಯ ಎತ್ತಿದ. ನಾನು ಒಂಬತ್ತು ವರ್ಷ ಎದೆಯಲ್ಲಿ ಹೊತ್ತುಕೊಂಡಿದ್ದು ಗುಟ್ಟೇ ಆಗಿರಲಿಲ್ಲ. ನಾನೊಬ್ಬ ಹೇಳಿದ್ದರೆ ಅವರೆಲ್ಲರೂ ಹೌದೆನ್ನುತ್ತಿದ್ದರು. ಅವರು ನನಗಾಗಿ ಕಾಯುತ್ತಿದ್ದರು, ನಾನು ಅವರಿಗೆ ಹೆದರುತ್ತಿದ್ದೆ, ನಡುವೆ ನೀನು ಹೋದೆ.

ಮನೆಗೆ ಬಂದು ಮಾರ್ಯುನಳಿಗೆ ಎಲ್ಲ ಹೇಳಿದೆ. “ನಂಗ್ಯಾಕೆ ಹೇಳ್ತೀಯ? ಅವ್ನಿಗೆ ಬರಿ,” ಅಂದಳು. ಏಳು ವಾರದಲ್ಲಿ ಅವಳು ಆಡಿದ ಮೊದಲ ಮಾತು.

ಬಸ್ಸಿನ ಹತ್ತಿರ ನಾನು ಇದನ್ನು ಹೇಳಬೇಕಿತ್ತು. ಬಾಯಿಯವರೆಗೆ ಬಂದಿತ್ತು. ತಪ್ಪು ನನ್ನದು, ಕ್ಷಮಿಸು ಎಂದು ಕೇಳಲು ಮುಖವಿಲ್ಲ, ಆದರೂ ಕೇಳುತ್ತಿದ್ದೇನೆ. ಊರಿಗೆ ಬಾ ಎನ್ನಲು ನನಗೆ ಹಕ್ಕಿಲ್ಲ. ಬಂದರೆ ಬಂದರಿನಲ್ಲಿ ನಾನು ನಿಂತಿರುತ್ತೇನೆ.

ಟ್ರೊಂಡುರ್

—

ಎಸ್ಬ್ಯೆರ್
ನವೆಂಬರ್ 9, 2003

ಭಾವ,

ಕಾಗದ ತಲುಪಿತು. ಕೆಲಸಕ್ಕೆ ಹೋಗದೆ ಒಂದು ದಿನ ಅದನ್ನೇ ಓದಿದೆ.

ಆ ಮಾತು ಕೇಳಿದರೆ ಹಗುರವಾಗುತ್ತದೆ ಎಂದು ಇಷ್ಟು ವರ್ಷ ನಂಬಿದ್ದೆ. ನಿನ್ನ ವಿಷಯದಲ್ಲಿ ಹಗುರವಾಗಿದೆ. ನೀನು ಎದ್ದು ನಿಂತದ್ದನ್ನು ನೋಡಲು ನಾನು ಅಲ್ಲಿ ಇರಬೇಕಿತ್ತು. ಆದರೆ ಸನ್ನಾಜ್ಜಿಯ ಮಾತು ಗಂಟಲಲ್ಲಿ ಮುಳ್ಳಿನ ಹಾಗೆ ನಿಂತಿದೆ. ಯಾರಿಗೂ ನಿಜ ಗೊತ್ತಿಲ್ಲ ಎಂದುಕೊಂಡಿದ್ದಾಗ ಊರಿನ ಮೇಲೆ ಒಂದು ಆಸೆ ಇತ್ತು, ಗೊತ್ತಾದ ದಿನ ಕರೆಯುತ್ತಾರೆ ಎಂದು. ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಆ ಮಕ್ಕಳನ್ನು ರಸ್ತೆಯಿಂದ ಎಬ್ಬಿಸಲಿಲ್ಲ. ಅವರು ಕೆಟ್ಟವರಲ್ಲ, ನನಗೆ ಗೊತ್ತು. ಅವರ ನಡುವೆ ಕೂತು ಕಾಫಿ ಕುಡಿಯಲು ಮಾತ್ರ ಆಗುವುದಿಲ್ಲ. ಊರಿಗೆ ಬರುವುದಿಲ್ಲ. ಈ ವರ್ಷವಂತೂ ಇಲ್ಲ.

ಇಲ್ಲಿ ನನಗಿರುವುದು ಒಂದೇ ಕೋಣೆ ಮತ್ತು ಅಡುಗೆಮನೆ. ಮೇಜಿಗೆ ಎರಡೇ ಕುರ್ಚಿ ಇದ್ದವು. ನಿನ್ನೆ ಇನ್ನೊಂದು ತಂದೆ.

ಕ್ರಿಸ್ಮಸ್ಸಿಗೆ ಅಕ್ಕನನ್ನು ಕಳಿಸು. ಅವಳಿಗೆ ಹಡಗು ಆಗಿಬರುವುದಿಲ್ಲ, ಬಂದರು ದಾಟುವ ಮೊದಲೇ ವಾಂತಿ ಶುರುವಾಗುತ್ತದೆ. ಒಬ್ಬಳನ್ನೇ ಕಳಿಸಬೇಡ.

ಹೊಗ್ನಿ